ಐಹೊಳೆ ಗುಡ್ಡದ ಮೇಲೆ ತತ್ಕಾಲ್ ಟಿಕೆಟ್

ಇದು ಬಾದಾಮಿ, ಅಗಸ್ತ್ಯ ತೀರ್ಥ ಅನ್ನೋ ಕೆರೆ. ವಿಡಿಯೋದಲ್ಲಿ ಬಟ್ಟೆ ಒಗೆಯೋ ಸದ್ದು ಹಾಗೇ ಬಿಟ್ಟಿದ್ದೀನಿ, ಮೇಲೆ ಮ್ಯೂಸಿಕ್ ಹಾಕಿಲ್ಲ. ಇದಕ್ಕಿಂತ ಒಳ್ಳೇದು ನನ್ನ ಹತ್ರ ಇಲ್ಲ.

ಕೈಯಲ್ಲಿ ಕಾಣ್ತಿದ್ಯಲ್ಲ ಆ ಹಾಳೆ, ಅದು ನನ್ನ ಎಕ್ಸೆಲ್ ಶೀಟಿನ ಪ್ರಿಂಟ್‌ಔಟು. ಮೂರು ದಿನ, ಮೂರು ಬಣ್ಣ. ನಮ್ಮನೇಲಿ ಪ್ಲಾನ್ ಮಾಡೋಳು ನಾನು, ‘ಹೋದ್ಮೇಲೆ ನೋಡ್ಕೊಂಡ್ರಾಯ್ತು’ ಅನ್ನೋನು ನನ್ನ ತಮ್ಮ, ಇಬ್ಬರಿಗೂ ಬೈಯೋದು ಅಮ್ಮ. ನಾನಂತೂ ನೇರವಾಗಿ ಹೇಳ್ತೀನಿ, ಪ್ಲಾನ್ ಇಲ್ದೆ ಮನೆ ಬಾಗಿಲು ದಾಟಬಾರದು. ಈ ಮಾತು ನೆನಪಿಟ್ಕೊಳ್ಳಿ, ಇನ್ನು ಐದು ನಿಮಿಷಕ್ಕೆ ನಾನೇ ಬದಲಾಯಿಸ್ತೀನಿ.

ಗುಹೆಗಳು. ಮೂರನೇದು ನೋಡಿ, ಎಲ್ಲಕ್ಕಿಂತ ದೊಡ್ಡದು. ಚಾಲುಕ್ಯರ ಮಂಗಳೇಶ ಮಾಡಿಸಿದ್ದು, ಶಾಸನದಲ್ಲೇ ಕಾಲ ಇದೆ, ಕ್ರಿ.ಶ. 578. ಶೀಟಲ್ಲಿ ನಾಲ್ಕೂ ಗುಹೆಗೆ ಒಂದೂವರೆ ಗಂಟೆ ಇಟ್ಟಿದ್ದೆ. ಅದರಲ್ಲಿ ಇಪ್ಪತ್ತು ನಿಮಿಷ ಈ ಕೋತಿಗೇ ಹೋಯ್ತು. ಅಮ್ಮನ ಬ್ಯಾಗಿನ ಜಿಪ್ ಅದೇ ತೆಗೀತು, ನಾವು ಮನುಷ್ಯರು ತೆಗಿಯೋ ಹಾಗೆ, ನಿಧಾನಕ್ಕೆ. ಚಕ್ಕುಲಿ ತಗೊಂಡು ಡಬ್ಬಿ ವಾಪಸ್ ಬಿಟ್ಟು ಹೋಯ್ತು. ಒಳ್ಳೇ ಮನೆತನದ್ದು.

ಸರಿ, ಶನಿವಾರ. ಆಟೋ ಮಾಡ್ಕೊಂಡು ಐಹೊಳೆ. ಬಾದಾಮಿಯಿಂದ ಮೂವತ್ತೈದು ಕಿಲೋಮೀಟರ್ ಹತ್ತಿರ ಆಗುತ್ತೆ, ನಡುವೆ ಪಟ್ಟದಕಲ್ಲು. ಇದು ದುರ್ಗ ಗುಡಿ. ದುರ್ಗಮ್ಮನ ಗುಡಿ ಅಲ್ಲ, ಪಕ್ಕದಲ್ಲಿ ಕೋಟೆ ಇತ್ತು, ಅಂದ್ರೆ ದುರ್ಗ, ಅದಕ್ಕೆ ಆ ಹೆಸರು. ಅಮ್ಮ ಅಷ್ಟೊತ್ತಿಗಾಗ್ಲೇ ಕುಂಕುಮ ಎಲ್ಲಿ ಅಂತ ಹುಡುಕಿ ಆಗಿತ್ತು. ಹಿಂದಿನ ಗೋಡೆ ಆನೆ ಬೆನ್ನಿನ ಥರ ದುಂಡಗಿದೆ ನೋಡಿ... ಸರಿಯಾಗಿ ತೋರಿಸಬೇಕಿತ್ತು, ಆದ್ರೆ ಕ್ಯಾಮೆರಾ ಇಲ್ಲಿ ಅಲ್ಲಾಡುತ್ತೆ. ಯಾಕಂದ್ರೆ ತಮ್ಮ ಈ ಕ್ಷಣದಲ್ಲೇ ಕಿವೀಲಿ ಹೇಳಿದ್ದು: ‘ಅಕ್ಕ, ವಾಪಸ್ ಟಿಕೆಟ್ ಮಾಡಿಲ್ಲ.’

ಹೋಗೋ ಟಿಕೆಟ್ ನನ್ನ ಕೆಲಸ, ಒಂದು ತಿಂಗಳ ಮುಂಚೆಯೇ ಆಗಿತ್ತು. ಬರೋದು ಅವನ ಕೆಲಸ. ಶೀಟಲ್ಲಿ ಹಳದಿ ಬಣ್ಣದಲ್ಲಿ ಅವನ ಹೆಸರೂ ಇದೆ. ಭಾನುವಾರ ರಾತ್ರಿಯ ಗೋಲಗುಂಬಜ್ ಎಕ್ಸ್‌ಪ್ರೆಸ್, ನೋಡಿದ್ರೆ ವೇಟಿಂಗ್ ಲಿಸ್ಟು. ಉಳಿದಿದ್ದು ತತ್ಕಾಲ್. ಸ್ಲೀಪರಿಗೆ ಹಿಂದಿನ ದಿನ ಬೆಳಗ್ಗೆ ಹನ್ನೊಂದಕ್ಕೆ ತೆಗಿಯುತ್ತೆ. ಟೈಮ್ ಎಷ್ಟು? ಹತ್ತು ಮೂವತ್ತೆಂಟು. ಫೋನಲ್ಲಿ ಚಕ್ರ ತಿರುಗ್ತಿದೆ, ತಿರುಗ್ತಾನೇ ಇದೆ.

ಆಟೋ ಅಣ್ಣ ಬೀಡಿ ಆರಿಸಿ ಹೇಳಿದ್ರು, ‘ಇಲ್ಲೆಲ್ಲಿ ಸಿಗತೈತ್ರೀ ಅಕ್ಕಾರ? ಗುಡ್ಡ ಹತ್ರಿ, ಮ್ಯಾಲೆ ಸಿಗತೈತಿ.’

ಗುಡ್ಡ ಅಂದ್ರೆ ಮೇಗುತಿ, ಮೇಲೆ ಹಳೇ ಜೈನ ಗುಡಿ ಇದೆ. ನನ್ನ ಶೀಟಲ್ಲಿ ಮೇಗುತಿ ಇತ್ತು, ಅಮ್ಮನ ಮಂಡಿ ನೋವು ನೆನೆಸ್ಕೊಂಡು ಗೆರೆ ಎಳೆದು ಹೊಡೆದುಹಾಕಿದ್ದೆ. ಈಗ ಅಮ್ಮನ್ನ ಆಟೋದಲ್ಲಿ ಕೂರಿಸಿ ನಾವಿಬ್ರೂ ಓಟ. ಮೆಟ್ಟಿಲ ಶಾಟ್ ಪೂರ್ತಿ ನನ್ನ ಏದುಸಿರು, ಅದನ್ನ ಕಟ್ ಮಾಡಿದ್ದೀನಿ. ದಾರೀಲಿ ಎರಡಂತಸ್ತಿನ ಬೌದ್ಧ ಚೈತ್ಯ ಇದೆ, ಅರ್ಧ ಸೆಕೆಂಡ್ ಬಂತು, ಹೋಯ್ತು.

ಹನ್ನೊಂದು ಗಂಟೆ. ಗುಡ್ಡದ ಮೇಲೆ ನೆಟ್‌ವರ್ಕ್ ಇದೆ, ಆಟೋ ಅಣ್ಣ ಹೇಳಿದ್ದು ನಿಜ. ಲಾಗಿನ್ ಆಯ್ತು. ಮೂರು ಹೆಸರು, ವಯಸ್ಸು, ಕೆಳಗಿನ ಬರ್ತ್ ಒಂದು, ಎಲ್ಲ ಆಯ್ತು. ಆಮೇಲೆ ಬಂತು ಆಧಾರ್ ಒಟಿಪಿ. ತಮ್ಮನ ಆಧಾರಿಗೆ ಜೋಡಿಸಿರೋದು ಹಳೇ ನಂಬರು. ಆ ಸಿಮ್ ಇರೋದು ಅಮ್ಮನ ಕೀಪ್ಯಾಡ್ ಫೋನಲ್ಲಿ. ಅಮ್ಮ ಇರೋದು ಗುಡ್ಡದ ಕೆಳಗೆ.

ಫೋನ್ ಮಾಡಿದ್ವಿ. ‘ಅಮ್ಮಾ, ಮೆಸೇಜ್ ಬಂದಿದ್ಯಾ, ಓದು.’ ಅಮ್ಮ ಕನ್ನಡಕ ಹುಡುಕಿ, ಹಾಕ್ಕೊಂಡು, ನಿಧಾನಕ್ಕೆ ಓದಿದ್ರು: ‘ನಿಮ್ಮ ಪ್ಯಾಕ್ ಇಂದು ಮುಗಿಯಲಿದೆ.’ ಅದಲ್ಲಮ್ಮ, ಮುಂದಿನದು. ‘ಮುಂದಿನದು ಹೇಗೆ ನೋಡೋದೋ, ಫೋನ್ ಕಿವೀಲಿದ್ರೆ?’ ನ್ಯಾಯವಾದ ಪ್ರಶ್ನೆ. ಕಟ್ ಮಾಡಿ, ನೋಡಿ, ಅವರೇ ತಿರುಗಿ ಫೋನ್ ಮಾಡೋ ಹೊತ್ತಿಗೆ ಒಟಿಪಿ ಸತ್ತು, ಸೀಟೂ ಮುಗಿದಿತ್ತು.

ತಮ್ಮ ಇನ್ನೊಂದು ಸಲ ಟ್ರೈ ಮಾಡ್ತೀನಿ ಅಂತ ಕೂತ. ಅವನ ಮುಖ ನೋಡಿದ್ರೆ ಹೊಡಿಯೋ ಹಾಗಾಗಿ ನಾನು ಗುಡಿಯ ಪೂರ್ವದ ಗೋಡೆ ಕಡೆ ಹೋದೆ. ಇಲ್ಲೇ ನೋಡಿ, ಕವಿ ರವಿಕೀರ್ತಿಯ ಶಾಸನ. ಇಮ್ಮಡಿ ಪುಲಕೇಶಿ ಹರ್ಷನನ್ನ ಸೋಲಿಸಿದ್ದು ಬರೆದಿರೋದು ಇಲ್ಲೇ. ಅಕ್ಷರ ಎಷ್ಟು ಸಣ್ಣದು, ಎಷ್ಟು ನೆಟ್ಟಗೆ! ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಕಾಣುತ್ತೆ, ನೆತ್ತಿಗೆ ಬಂದ್ರೆ ಮಾಯ. ಕಾಲ ಹೇಳೋಕೆ ಆ ಕವಿಗೆ ಒಂದು ಲೆಕ್ಕ ಸಾಲ್ಲಿಲ್ಲ: ಭಾರತ ಯುದ್ಧ ಆಗಿ 3735 ವರ್ಷ, ಶಕ 556, ಅಂದ್ರೆ ಕ್ರಿ.ಶ. 634. ಕೊನೇಲಿ ತನ್ನನ್ನ ತಾನೇ ಕಾಳಿದಾಸ, ಭಾರವಿ ಸಾಲಿಗೆ ಸೇರಿಸ್ಕೊಂಡಿದ್ದಾನೆ. ಎಕ್ಸೆಲ್ ಇದ್ದಿದ್ರೆ ಖಂಡಿತ ಬಣ್ಣ ಹಚ್ಚಿರೋನು, ನನ್ನ ಜಾತಿಯೋನು.

ಆ ಕಡೆ ಮಲಪ್ರಭೆ, ಕೆಳಗೆ ಊರು, ಗುಡಿ ಯಾವುದು ಮನೆ ಯಾವುದು ಗೊತ್ತಾಗಲ್ಲ. ಬೇರೆ ಯಾರೂ ಇಲ್ಲ. ಮುಕ್ಕಾಲು ಗಂಟೆ ಕೂತ್ವಿ. ಶೀಟ್ ಪ್ರಕಾರ ಆ ಹೊತ್ತಿಗೆ ನಾವು ಪಟ್ಟದಕಲ್ಲಿನಲ್ಲಿ ಪಾರ್ಕಿಂಗ್ ಹುಡುಕ್ತಿರಬೇಕು. ನನಗೆ ಆಗ ಅನ್ನಿಸಿದ್ದು, ಸುಮ್ನೆ ಹೇಳ್ತೀನಿ, ಎಕ್ಸೆಲ್ ಸುಟ್ಟುಹಾಕ್ಬೇಕು ಅಂತ. ಟಿಕೆಟ್ ಮರೆತಿದ್ದಕ್ಕೆ ತಾನೇ ಈ ಜಾಗ ಸಿಕ್ಕಿದ್ದು ಅಂತ ತಮ್ಮ ಅಂದ. ನಾನು ಹೌದು ಅಂದುಬಿಟ್ಟೆ. ರೆಕಾರ್ಡ್ ಆಗಿದೆ, ಇನ್ಮೇಲೆ ಜೀವಮಾನ ಪೂರ್ತಿ ಕೇಳಿಸ್ತಾನೆ.

ಭಾನುವಾರ ಸಂಜೆ ಆ ಹೌದು ವಾಪಸ್ ತಗೊಂಡೆ. ಬಾದಾಮಿಯಿಂದ ಹುಬ್ಬಳ್ಳಿಗೆ ನಿಂತ್ಕೊಂಡೇ ಬಸ್ಸು, ಅಲ್ಲಿಂದ ಪ್ರೈವೇಟ್ ಸ್ಲೀಪರು, ಒಂದು ಸೀಟಿಗೆ 1,450. ಭಾನುವಾರದ ರೇಟು, ಬೇಕಾದ್ರೆ ತಗೋ ಅನ್ನೋ ರೇಟು. ಮೂವರಿಗೆ 4,350. ರೈಲಲ್ಲಿ ತತ್ಕಾಲ್ ಸೇರಿಸಿದ್ರೂ ತಲೆಗೆ ಐನೂರರ ಸುತ್ತಮುತ್ತ ಆಗ್ತಿತ್ತು. ವ್ಯತ್ಯಾಸದ ದುಡ್ಡು ಅವನ ಹತ್ರ ಬರಬೇಕು, ಕಂತಲ್ಲಿ ಕೊಡ್ತಾನಂತೆ.

ಅಯ್ಯೋ, ಬನಶಂಕರಿ ತೋರಿಸೋದೇ ಮರೆತೆ. ಇದು ಭಾನುವಾರ ಮಧ್ಯಾಹ್ನದ್ದು. ಗುಡಿ ಹತ್ರ ಬುಟ್ಟಿ ಇಟ್ಕೊಂಡು ಕೂತಿರೋ ಅವ್ವಂದಿರು, ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಕುಡಿಕೇಲಿ ಮೊಸರು. ಇದೂ ಶೀಟಲ್ಲಿ ಇರಲಿಲ್ಲ. ನಾನು ಅಲ್ಲೊಂದು ಹೋಟೆಲ್ ಬರೆದಿದ್ದೆ, ನಾಲ್ಕೂವರೆ ಸ್ಟಾರಿಂದು. ಅಮ್ಮ ಹೋಟೆಲ್ ಕಡೆ ತಿರುಗಿಯೂ ನೋಡ್ಲಿಲ್ಲ. ತಿಂದಿದ್ದೂ ಅಲ್ದೆ ಖಡಕ್ ರೊಟ್ಟಿ ಹತ್ತು ಕಟ್ಟಿಸ್ಕೊಂಡ್ರು.

ಈಗ ಬಸ್ಸು. ಲೈಟ್ ಆರಿಸಿದ್ರು, ಇನ್ನು ಏನೂ ಕಾಣಲ್ಲ. ಕಟುಂ ಕಟುಂ ಅಂತ ಕೇಳ್ತಿದ್ಯಲ್ಲ, ಅದು ಕ್ಯಾಮೆರಾ ತೊಂದರೆ ಅಲ್ಲ. ಮೇಲಿನ ಬರ್ತಲ್ಲಿ ಅಮ್ಮ.