ಕೀಚಕನಿಗೆ ಶಿಳ್ಳೆ, ಸೈರಂಧ್ರಿಗೆ ರಂಗ

ಎಲ್ಲರಿಗೂ ನಮಸ್ಕಾರ.

ಹೊನ್ನಾವರ, ಕುಮಟಾ, ಶಿರಸಿ ಕಡೆ ಕೀಚಕವಧೆ ಯಕ್ಷಗಾನ ಆಟ ಇದೆ ಅಂದರೆ ಜನ ಕಾಯುವುದು ಕೀಚಕನಿಗಾಗಿ. 2012ರಲ್ಲಿ ಪದ್ಮಶ್ರೀ ಪಡೆದ ನಮ್ಮ ಚಿಟ್ಟಾಣಿ ರಾಮಚಂದ್ರ ಹೆಗಡೆಯವರನ್ನು ಜನ ಇವತ್ತಿಗೂ ನೆನೆಯುವುದು ಕೀಚಕ, ಭಸ್ಮಾಸುರ, ದುಷ್ಟಬುದ್ಧಿಯಂಥ ವೇಷಗಳಿಗಾಗಿ. ಕೀಚಕ ಸೈರಂಧ್ರಿಯನ್ನು ಕಂಡು ಮರುಳಾಗುವ ಪದ್ಯಕ್ಕೆ ಕುಣಿತ ಏರಿದಂತೆ ಶಿಳ್ಳೆಯೂ ಏರುತ್ತದೆ. ಚೌಕಿಯ (ವೇಷ ಕಟ್ಟುವ ಜಾಗದ) ಪಕ್ಕ ಕೂತ ಅಜ್ಜಿಯೂ ನೋಡುತ್ತಾಳೆ, ಹೈಸ್ಕೂಲಿನ ಮೊಮ್ಮಗಳೂ ನೋಡುತ್ತಾಳೆ. ಅದೇ ಮೊಮ್ಮಗಳು ಮೊಬೈಲಿನಲ್ಲಿ ಅಮೆರಿಕದ ಟೀನ್ ಸೀರಿಯಲ್ ನೋಡಿ ಅದರ ಕೆಟ್ಟ ಹುಡುಗನಿಗೆ ಮನಸೋತರೆ ಮಾತ್ರ ಮನೆಯಲ್ಲಿ ಗಾಬರಿ.

ಆ ಗಾಬರಿ ತಪ್ಪು ಜಾಗದಲ್ಲಿದೆ. ಕೆಟ್ಟವನು ಚೆಂದ ಕಂಡರೆ ಅದು ಬರೆದವರ, ನಟಿಸಿದವರ ಕಸುಬು. ನಾವು ಕೇಳಬೇಕಾದ್ದು ಇಷ್ಟು: ಅವನ ಕೈಯಲ್ಲಿ ನೊಂದವಳಿಗೆ ಕಥೆ ಎಷ್ಟು ಜಾಗ ಕೊಟ್ಟಿದೆ?

‘ಗಾಸಿಪ್ ಗರ್ಲ್’ ತಗೊಳ್ಳಿ, 2007ರಲ್ಲಿ ಶುರುವಾದದ್ದು. ಚಕ್ ಬ್ಯಾಸ್ ಎಂಬ ಶ್ರೀಮಂತರ ಹುಡುಗ ಮೊದಲ ಕಂತಿನಲ್ಲೇ ಇಬ್ಬರು ಹುಡುಗಿಯರ ಮೇಲೆ ಬಲವಂತಕ್ಕೆ ಹೋಗುತ್ತಾನೆ. ಮೊದಲು ಸೆರೀನಾ, ಆಮೇಲೆ ಪಾರ್ಟಿಯ ದಿನ ಇನ್ನೂ ಒಂಬತ್ತನೇ ಕ್ಲಾಸಿನ ಜೆನ್ನಿ. ಏಳನೇ ಕಂತಿಗೆ ಬರುವಷ್ಟರಲ್ಲಿ ಅವನೇ ಸೆರೀನಾಳ ಗೆಳತಿ ಬ್ಲೇರ್‌ಳ ಪ್ರೇಮಿ. ನಡುವೆ ಇರುವುದು ಐದೇ ಕಂತು. ಅಷ್ಟರಲ್ಲಿ ಅವನು ಬದಲಾದನೇ? ಇಲ್ಲ. ಬದಲಾದದ್ದು ಕ್ಯಾಮೆರಾ ನಿಂತ ಜಾಗ.

ಇದು ಹೇಗೆ ಸಾಧ್ಯವಾಗುತ್ತದೆ ಅಂತ ಬಿಡಿಸಿ ನೋಡೋಣ. ಮೊದಲನೆಯದು ದೃಶ್ಯಗಳ ಸರದಿ. ಅವನು ಮಾಡಿದ ಗಾಯವನ್ನು ದೂರದಿಂದ, ಚುಟುಕಾಗಿ ತೋರಿಸುತ್ತಾರೆ; ಅವನಿಗಾದ ಗಾಯವನ್ನು ಹತ್ತಿರದಿಂದ, ನಿಧಾನವಾಗಿ. ಚಕ್‌ನ ಅಪ್ಪ ಅವನನ್ನು ಕಡೆಗಣಿಸುತ್ತಾನೆ, ತನ್ನನ್ನು ಹೆತ್ತಾಗಲೇ ತಾಯಿ ಸತ್ತಳೆಂದು ಹುಡುಗ ನಂಬಿದ್ದಾನೆ. ಇದು ನಮಗೆ ಗೊತ್ತಾಗುವುದು ಅವನ ಮುಖವೇ ಪರದೆ ತುಂಬಿರುವಾಗ. ಮಾಳಿಗೆಯ ಮೇಲೆ ಹೆದರಿ ನಿಂತ ಜೆನ್ನಿಯ ಮುಖ ಅಷ್ಟು ಹೊತ್ತು ಪರದೆಯ ಮೇಲೆ ನಿಲ್ಲುವುದಿಲ್ಲ. ಯಾರ ಮುಖ ಹೆಚ್ಚು ಹೊತ್ತು ಕಂಡಿತೋ ಅವರ ಕಡೆಗೆ ಮನಸ್ಸು ವಾಲುತ್ತದೆ.

ಎರಡನೆಯದು, ನನ್ನ ಪ್ರಕಾರ ಪ್ರೇಮದ ಎಂಜಿನ್ ಇರುವುದೇ ಇಲ್ಲಿ: ಊರಿಗೆಲ್ಲ ಕ್ರೂರಿ, ಅವಳೊಬ್ಬಳಿಗೆ ಮೆದು. ಹದಿನೈದು ಹದಿನಾರರ ವಯಸ್ಸಿನಲ್ಲಿ ಮನೆ, ಶಾಲೆ, ನೆಂಟರು ಎಲ್ಲರೂ ಹೇಳುವವರೇ, ಕೇಳುವವರಿಲ್ಲ. ಯಾರ ಮಾತಿಗೂ ಬಗ್ಗದವನೊಬ್ಬ ತನ್ನ ಒಂದು ಮಾತಿಗೆ ತಲೆಬಾಗುತ್ತಾನೆ ಎಂಬ ಕಲ್ಪನೆಯಲ್ಲಿ ದೊಡ್ಡ ಅಧಿಕಾರವಿದೆ. ಅದನ್ನು ಬಯಸುವ ಹುಡುಗಿ ದಡ್ಡಿಯಲ್ಲ. ತನಗೆ ಬೇರೆಲ್ಲೂ ಸಿಗದ್ದನ್ನು ಅವಳು ಕಥೆಯಲ್ಲಿ ಹುಡುಕುತ್ತಿದ್ದಾಳೆ, ಅದಕ್ಕೆ ಅವಳನ್ನು ಗದರಿಸುವ ಹಕ್ಕು ನಮಗಿಲ್ಲ.

ಮೂರನೆಯದು, ಎದುರಿಗಿರುವ ಒಳ್ಳೆಯ ಹುಡುಗನನ್ನು ಸಪ್ಪೆಯಾಗಿ ಬರೆಯುವುದು. ಅವನ ಕೆಲಸ ಬೇಡ ಅನ್ನುವುದು, ಕಾಯುವುದು, ಮುಖ ಸಣ್ಣ ಮಾಡುವುದು. ಚುರುಕು ಮಾತೆಲ್ಲ ಕೆಟ್ಟವನ ಪಾಲಿಗೆ. ಜೊತೆಗೆ ನಟನ ವಯಸ್ಸು. ‘ದಿ ವ್ಯಾಂಪೈರ್ ಡೈರೀಸ್’ 2009ರಲ್ಲಿ ಶುರುವಾದಾಗ ಅದರ ಡೇಮನ್ ಎಂಬ ರಕ್ತಪಿಪಾಸು ವ್ಯಾಂಪೈರ್ ಪಾತ್ರದ ಇಯಾನ್ ಸೋಮರ್‌ಹಾಲ್ಡರ್‌ಗೆ 30 ವರ್ಷ. ಮೂವತ್ತರ ನಟನ ನಿಲುವು, ನಿಧಾನ, ಧೈರ್ಯವನ್ನು ನೋಡಿದವರು ಅದನ್ನೇ ತಮ್ಮ ಕ್ಲಾಸಿನ ಹುಡುಗರಲ್ಲಿ ಹುಡುಕತೊಡಗುತ್ತಾರೆ.

ಡೇಮನ್ ವಿಷಯದಲ್ಲಿ ಇನ್ನೊಂದು ಉಪಾಯವಿದೆ, ಬೆಲೆ ಅಳಿಸುವುದು. ಎರಡನೇ ಸೀಸನ್ನಿನ ಮೊದಲ ಕಂತಿನಲ್ಲಿ ಅವನು ನಾಯಕಿ ಎಲೀನಾಳ ತಮ್ಮ ಜೆರೆಮಿಯ ಕುತ್ತಿಗೆ ಮುರಿಯುತ್ತಾನೆ. ಹುಡುಗನ ಬೆರಳಲ್ಲಿ ಮಾಂತ್ರಿಕ ಉಂಗುರ, ಎದ್ದು ಕೂರುತ್ತಾನೆ. ಕೊಲೆ ನಡೆದದ್ದು ನಿಜ, ಹೆಣ ಮಾತ್ರ ಇಲ್ಲ. ಕೊನೆಗೆ ಅದೇ ಎಲೀನಾ ಅವನ ಹೆಂಡತಿ. ಎಲೀನಾಳ ಗೆಳತಿ ಕ್ಯಾರೊಲಿನ್‌ಳ ಕಥೆ ಇನ್ನೂ ಕಹಿ. ಮೊದಲ ಸೀಸನ್ನಿನಲ್ಲಿ ಡೇಮನ್ ಅವಳ ಮನಸ್ಸನ್ನೇ ವಶ ಮಾಡಿ, ರಕ್ತ ಕುಡಿದು, ಬೇಕಾದಂತೆ ಬಳಸುತ್ತಾನೆ, ನೆನಪನ್ನೂ ಅಳಿಸುತ್ತಾನೆ. ಎರಡನೇ ಸೀಸನ್ನಿನಲ್ಲಿ ಅವಳಿಗೆ ಎಲ್ಲ ನೆನಪಾಗುತ್ತದೆ, ಅವನನ್ನು ಎತ್ತಿ ದೂಡುತ್ತಾಳೆ. ಒಳ್ಳೆಯ ದೃಶ್ಯ. ಆದರೆ ಆಮೇಲೆ ಆ ಸಂಗತಿ ಆಗೊಮ್ಮೆ ಈಗೊಮ್ಮೆ ಮಾತಿನಲ್ಲಿ ಬಂದು ಹೋಗುತ್ತದೆಯೇ ಹೊರತು ಕಥೆಯ ದಾರಿಯನ್ನು ತಿರುಗಿಸುವುದಿಲ್ಲ. 171 ಕಂತುಗಳ ಸೀರಿಯಲ್ಲಿನಲ್ಲಿ ಅದಕ್ಕೆ ಜಾಗವಿರಲಿಲ್ಲ ಅಂದರೆ ನಾನು ಒಪ್ಪಲಾರೆ.

ಈಗ ಕೀಚಕವಧೆಗೆ ಬನ್ನಿ. ಕೀಚಕನ ಕುಣಿತ ಮುಗಿದ ಮೇಲೆ ರಂಗ ಯಾರದ್ದು? ಸೈರಂಧ್ರಿಯದ್ದು. ಅವಳು ಓಡಿ ವಿರಾಟನ ಸಭೆಗೆ ಬರುತ್ತಾಳೆ, ತುಂಬಿದ ಸಭೆಯಲ್ಲಿ ಒದೆ ತಿನ್ನುತ್ತಾಳೆ, ರಾಜ ಸುಮ್ಮನಿರುತ್ತಾನೆ. ಸ್ತ್ರೀವೇಷದವರು ಗಟ್ಟಿಯಿದ್ದರೆ ಅಲ್ಲಿ ಅರ್ಥಗಾರಿಕೆ (ಪದ್ಯದ ಮೇಲಿನ ಮಾತುಗಾರಿಕೆ) ಬೆಳೆಯುತ್ತದೆ: ನ್ಯಾಯ ಕೇಳುತ್ತಾಳೆ, ರಾಜನನ್ನು ಪ್ರಶ್ನಿಸುತ್ತಾಳೆ. ಭೀಮ ಬರುವುದು ಅದರ ನಂತರ. ಶಿಳ್ಳೆ ಹೊಡೆದವರೇ ಕೂತು ಅವಳ ಮಾತನ್ನೂ ಕೇಳಬೇಕು. ಗದಾಯುದ್ಧದಲ್ಲಿ ಕೌರವ ತನ್ನ ಪರವಾಗಿ ಅಷ್ಟು ವಾದಿಸಿ ನಮ್ಮ ಕಣ್ಣಲ್ಲಿ ನೀರು ತರಿಸಬಲ್ಲ, ಆದರೂ ದ್ರೌಪದಿಯ ಸೀರೆಗೆ ಕೈ ಹಾಕಿಸಿದ್ದನ್ನು ಕಥೆ ಮರೆಯುವುದಿಲ್ಲ.

ಟೀನ್ ಸೀರಿಯಲ್ಲಿನಲ್ಲೂ ಇದನ್ನು ಮಾಡಲು ಬರುತ್ತದೆ. ವ್ಯಾಂಪೈರ್‌ಗಳನ್ನು ಬೇಟೆಯಾಡುವ ಹುಡುಗಿಯ ಕಥೆ ‘ಬಫಿ’. ಅದರ ಸ್ಪೈಕ್, ಆತ್ಮವಿಲ್ಲದ ವ್ಯಾಂಪೈರ್, ಕೆಲವೇ ಕಂತುಗಳಲ್ಲಿ ಸಾಯಬೇಕಿದ್ದ ಖಳ, ಜನ ಮೆಚ್ಚಿದರೆಂದು ಉಳಿದುಕೊಂಡ. 2002ರಲ್ಲಿ, ಆರನೇ ಸೀಸನ್ನಿನಲ್ಲಿ, ಅವನು ಬಫಿಯ ಮೇಲೆಯೇ ಬಲವಂತಕ್ಕೆ ಹೋಗುತ್ತಾನೆ. ಆ ದೃಶ್ಯ ಬೇಕಿತ್ತೇ ಎಂಬ ಜಗಳ ಇನ್ನೂ ಮುಗಿದಿಲ್ಲ. ಆದರೆ ಮುಂದೇನಾಯಿತು ನೋಡಿ: ಅವನು ಊರು ಬಿಟ್ಟು ಹೋಗಿ, ಕಠಿಣ ಪರೀಕ್ಷೆಗಳನ್ನು ಎದುರಿಸಿ ಆತ್ಮವನ್ನು ಮರಳಿ ಪಡೆಯುತ್ತಾನೆ. ವಾಪಸ್ ಬಂದಾಗ ಅವನ ಕೈ ತಾಗಿದರೆ ಬಫಿ ಬೆಚ್ಚಿ ಹಿಂದೆ ಸರಿಯುತ್ತಾಳೆ. ಅವನಿಗೆ ಆತ್ಮ ಬಂದಿದೆ, ಆದರೂ ಅವಳ ಮೈ ಮರೆತಿಲ್ಲ. ಈ ಒಂದು ಬೆಚ್ಚುವಿಕೆಯಲ್ಲಿರುವ ಪ್ರಾಮಾಣಿಕತೆ ಚಕ್‌ನ ಎಲ್ಲ ಸೀಸನ್ ಸೇರಿಸಿದರೂ ಸಿಗುವುದಿಲ್ಲ. ಅಲ್ಲಿ ಮೂರನೇ ಸೀಸನ್ನಿನ ಕೊನೆಗೆ ಮ್ಯಾನ್‌ಹಟನ್ ಬಿಟ್ಟು ಹೋಗಬೇಕಾಗುವುದು ಜೆನ್ನಿ. 2012ರ ಕೊನೆಯ ಕಂತಿನಲ್ಲಿ ಮದುವೆಯಾಗುವುದು ಚಕ್.

‘ಪ್ರೆಟಿ ಲಿಟಲ್ ಲೈಯರ್ಸ್’ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ಶಾಲೆಯ ಮೇಷ್ಟ್ರು ಎಜ್ರಾ, ವಿದ್ಯಾರ್ಥಿನಿ ಆರಿಯಾ. ಮೊದಲ ಭೇಟಿಗೂ ಮುಂಚೆ ಅವಳು ಯಾರೆಂದು ಅವನಿಗೆ ಗೊತ್ತಿತ್ತು ಎಂಬುದು ನಾಲ್ಕನೇ ಸೀಸನ್ನಿನಲ್ಲಿ ಹೊರಬರುತ್ತದೆ, ಕೊನೆಯಲ್ಲಿ ಅವನ ಜೊತೆಗೇ ಮದುವೆ. ನಮ್ಮಲ್ಲಿ 2012ರ ಪೋಕ್ಸೊ (ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ) ಕಾಯ್ದೆಯ ಪ್ರಕಾರ 18 ತುಂಬದವರ ಒಪ್ಪಿಗೆಗೆ ಬೆಲೆಯಿಲ್ಲ, ಅಪರಾಧಿ ಶಾಲೆಯವನೇ ಆದರೆ ಶಿಕ್ಷೆ ಇನ್ನೂ ಕಠಿಣ. ಈ ಸೀರಿಯಲ್ ನೋಡುವ ಮಕ್ಕಳಿಗೆ ಇಷ್ಟನ್ನು ಸ್ಪಷ್ಟವಾಗಿ ಹೇಳಿಬಿಡಿ. ಸಹಾಯ ಬೇಕಾದರೆ ಮಕ್ಕಳ ಸಹಾಯವಾಣಿ 1098.

ಇನ್ನು ರೀಲ್ಸ್. ಕಾರವಾರದಿಂದ ಭಟ್ಕಳದವರೆಗೆ ಎಷ್ಟೋ ಮಕ್ಕಳಿಗೆ ಡೇಮನ್ ಪರಿಚಯವಾಗುವುದೇ ಅರ್ಧ ನಿಮಿಷದ ಎಡಿಟ್‌ನಲ್ಲಿ: ಒಂದು ನೋಟ, ಒಂದು ಹಾಡು, ಒಂದು ಅಪ್ಪುಗೆ. ಕ್ಯಾರೊಲಿನ್ ಅದರಲ್ಲಿ ಇರುವುದೇ ಇಲ್ಲ. ಹಾಗಾಗಿ ರೀಲ್ ನೋಡಿ ಮೆಚ್ಚಿದವರಿಗೆ ನನ್ನ ವಿನಂತಿ, ಪೂರ್ತಿ ಸೀರಿಯಲ್ ನೋಡಿ. ಮನೆಯವರೂ ಮೊಬೈಲ್ ಕಸಿಯುವ ಬದಲು ಪಕ್ಕದಲ್ಲಿ ಕೂತು ಒಂದೇ ಪ್ರಶ್ನೆ ಕೇಳಿ: ಅವನು ನೋಯಿಸಿದನಲ್ಲ, ಆ ಹುಡುಗಿ ಆಮೇಲೆ ಏನಾದಳು? ಉತ್ತರ ಗೊತ್ತಿಲ್ಲದಿದ್ದರೆ ಇಬ್ಬರೂ ಸೇರಿ ಹುಡುಕಿ.

ಕಾಲೇಜಿನ ಗ್ಯಾದರಿಂಗ್‌ಗೆ ಸ್ಕಿಟ್ ಬರೆಯುವವರಿಗೆ ಒಂದು ಮಾತು. ನಿಮ್ಮ ನಾಯಕ ರಫ್ ಆಗಿರಲಿ, ತಪ್ಪು ಮಾಡಲಿ, ಚಪ್ಪಾಳೆಯನ್ನೂ ಗಿಟ್ಟಿಸಲಿ. ಆದರೆ ಇಪ್ಪತ್ತು ನಿಮಿಷದಲ್ಲಿ ಮೂರು ನಿಮಿಷವನ್ನಾದರೂ ಅವನಿಂದ ನೊಂದವಳಿಗೆ ಬಿಡಿ, ಅದೂ ಅವನು ರಂಗದಲ್ಲಿ ಇಲ್ಲದಾಗ. ಆ ಮೂರು ನಿಮಿಷದಲ್ಲಿ ಅವಳು ಅವನನ್ನು ಕ್ಷಮಿಸುವ ಮಾತು ಬರೆಯಬೇಡಿ; ಅವಳಿಗೇನಾಯಿತು ಎಂಬುದನ್ನಷ್ಟೇ ಬರೆಯಿರಿ. ಅವನು ಕ್ಷಮೆ ಕೇಳುವ ದೃಶ್ಯ ಇದ್ದರೆ, ಇಲ್ಲ ಅನ್ನುವ ಸ್ವಾತಂತ್ರ್ಯ ಅವಳಿಗಿರಲಿ. ಅವಳು ಇಲ್ಲ ಅಂದ ಮೇಲೂ ಅವನು ಬದಲಾಗುತ್ತಾನೋ ಎಂಬಲ್ಲಿಂದ ನಿಮ್ಮ ಮುಂದಿನ ದೃಶ್ಯ ಶುರುವಾಗಲಿ.