ನೀರು ತಿಳಿಯಾಯ್ತು ಸರಿ, ಉಪ್ಪು ಎಲ್ಲಿ ಹೋಯ್ತು?

ನಮಸ್ಕಾರ. ಹೋದ ವಿಡಿಯೋದಲ್ಲಿ ರಬಕವಿ-ಬನಹಟ್ಟಿ ಕಡೆ ನೂಲಿಗೆ ಬಣ್ಣ ಹಾಕಿದ ಮೇಲೆ ಉಳಿಯುವ ನೀರಿನ ಬಗ್ಗೆ ಮಾತಾಡಿದ್ದೆ. ಒಬ್ಬರು ಕಾಮೆಂಟ್ ಹಾಕಿದ್ದಾರೆ: "ಬಣ್ಣ ಹೋದ್ರೆ ಆಯ್ತಲ್ಲ ಸರ್, ಹೊಲಕ್ಕೆ ಬಿಡಿ." ಅಣ್ಣಾ, ಬಣ್ಣ ಹೋಯ್ತು. ಉಪ್ಪು ಎಲ್ಲಿ ಹೋಯ್ತು?

ಹತ್ತಿ ನೂಲಿಗೆ ರಿಯಾಕ್ಟಿವ್ ಬಣ್ಣ (ನೂಲಿನ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳೋ ಬಣ್ಣ) ಹಿಡಿಯಬೇಕಂದ್ರೆ ಉಪ್ಪು ಸುರಿಯಬೇಕು, ಲೀಟರಿಗೆ 30, 50, ಗಾಢ ಬಣ್ಣಕ್ಕೆ 80 ಗ್ರಾಂ ಕೂಡ. ನೂಲು ಬಣ್ಣ ಹೀರುತ್ತೆ, ಉಪ್ಪು ಹಾಗೇ ಹೊರಗೆ ಬರುತ್ತೆ. ನೀವು ಆಲಂ, ಅಂದ್ರೆ ಪಟಿಕ, ಹಾಕಿ, ಸೋಸಿ, ಗಾಜಿನ ಲೋಟದಲ್ಲಿ ಹಿಡಿದು ಫೋಟೋ ತೆಗೆಸಿಕೊಳ್ಳಿ. ಆಮೇಲೆ ಅದೇ ಲೋಟಕ್ಕೆ ಟಿಡಿಎಸ್ ಮೀಟರ್, ಅಂದ್ರೆ ನೀರಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸೋ ಮೀಟರ್, ಅದ್ದಿ! ಕುಡಿಯುವ ನೀರಿಗೆ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 2000. ಇಲ್ಲಿ ಅಂಕಿ ನಿಲ್ಲೋದೇ ಇಲ್ಲ.

ಕರಗಿದ ಉಪ್ಪು ಸೋಸಿದರೆ ಸಿಗಲ್ಲ. ಆದರೆ ಉಪ್ಪು ನೀರಲ್ಲಿ ಕರಗಿದಾಗ ಎರಡು ಭಾಗ ಆಗುತ್ತೆ: ಸೋಡಿಯಂ ಪ್ಲಸ್, ಕ್ಲೋರೈಡ್ ಮೈನಸ್, ಅಲ್ವಾ? ಡಿಸಿ ಕರೆಂಟ್ ಕೊಟ್ಟರೆ ಒಂದು ಆ ಕಡೆ, ಒಂದು ಈ ಕಡೆ ಓಡುತ್ತೆ. ಮಧ್ಯೆ ಎರಡು ಜಾತಿ ಪೊರೆ, ಪ್ಲಸ್ ಮಾತ್ರ ಬಿಡುವುದು, ಮೈನಸ್ ಮಾತ್ರ ಬಿಡುವುದು, ಒಂದಾದ ಮೇಲೊಂದು ಜೋಡಿಸಿರುತ್ತಾರೆ. ಒಂದು ಸಂದಿಯಲ್ಲಿ ಸಪ್ಪೆ ನೀರು, ಪಕ್ಕದ ಸಂದಿಯಲ್ಲಿ ಗಟ್ಟಿ ಉಪ್ಪುನೀರು. ಎಲೆಕ್ಟ್ರೋಡಯಾಲಿಸಿಸ್ ಅಂದ್ರೆ ಇದೇ. ಆ ಗಟ್ಟಿ ಉಪ್ಪುನೀರನ್ನು ಶುದ್ಧ ಮಾಡಿಕೊಂಡು ಮತ್ತೆ ಬಣ್ಣದ ತೊಟ್ಟಿಗೇ ಹಾಕಬಹುದು. ಗುಜರಾತಿನ ಭಾವನಗರದಲ್ಲಿರೋ ಕೇಂದ್ರ ಸರ್ಕಾರದ ಉಪ್ಪು ಸಂಶೋಧನಾ ಸಂಸ್ಥೆ ಸಿಎಸ್‌ಎಂಸಿಆರ್‌ಐನವರು ಇಂಥ ಪೊರೆ ನಮ್ಮ ದೇಶದಲ್ಲೇ ಮಾಡಿದ್ದಾರೆ.

"ಆರ್‌ಓ ಇದೆಯಲ್ಲ?" ಇದೆ. ಅದು ನೀರನ್ನು ಒತ್ತಿ ದಾಟಿಸುತ್ತೆ, ಇದು ಉಪ್ಪನ್ನೇ ಎಳೆದು ತೆಗೆಯುತ್ತೆ. "ಕರೆಂಟ್ ಬಿಲ್?" ಉಪ್ಪು ತೆಗೆದಷ್ಟು ಬಿಲ್. "ಪೊರೆ ಕಟ್ಟಿಕೊಂಡ್ರೆ?" ಕಟ್ಟಿದ್ದು ಬಿಟ್ಟುಕೊಳ್ಳಲಿ ಅಂತ ಕಾಲು ಗಂಟೆಗೊಮ್ಮೆ ಕರೆಂಟಿನ ಪ್ಲಸ್ ಮೈನಸ್ ಅದಲು ಬದಲು ಮಾಡುವ ಯಂತ್ರ ಬಂದು ಎಷ್ಟು ವರ್ಷ ಆಯ್ತು! "ಕ್ರಿಮಿ ಹೋಗಲ್ವಲ್ಲ?" ಹೋಗಲ್ಲ ಮಾರಾಯ್ರೇ, ನಾನು ಕ್ರಿಮಿ ಕೇಳಿದ್ನಾ? ಉಪ್ಪು ಎಲ್ಲಿ ಹೋಯ್ತು ಹೇಳಿ.

ಜಮಖಂಡಿ, ಮುಧೋಳ ಕಡೆ ಸವಳು ಹೊಲ ನೋಡಿ. ಕರಿ ಮಣ್ಣಿನ ಮೇಲೆ ಬಿಳಿ ಪುಡಿ, ಕಬ್ಬು ಮೊಣಕಾಲೆತ್ತರಕ್ಕೇ ಹಳದಿ. ಅದು ನೀರು ಜಾಸ್ತಿ ಹಾಯಿಸಿ ಆದದ್ದು, ಬಣ್ಣ ಹಾಕುವವರ ತಪ್ಪಲ್ಲ, ಗೊತ್ತು. ಆದರೆ ಆ ನೆಲಕ್ಕೆ ಇನ್ನೂ ಉಪ್ಪು ಬಿಡ್ತೀರಾ? ಉಪ್ಪು ರೀ, ಉಪ್ಪು!

ಇನ್ನೊಬ್ಬರು ನನ್ನನ್ನು ಪೊರೆ ಕಂಪನಿ ಏಜೆಂಟ್ ಅಂದಿದ್ದಾರೆ. ಏಜೆಂಟ್ ಆಗಿದ್ರೆ ಈ ಮೈಕಿಗೆ ರಬ್ಬರ್ ಬ್ಯಾಂಡ್ ಕಟ್ಟಿಕೊಂಡು ಕೂರ್ತಿದ್ನಾ? ಸುಮ್ನೆ ಸಬ್‌ಸ್ಕ್ರೈಬ್ ಮಾಡಿ, ಹೊಸದು ತಗೋತೀನಿ.