ರೆಕ್ಕೆಯ ಬಟ್ಟೆಗೆ ಹೊಲಿಗೆ ಬೇಕೇ ಬೇಕು

ನಮಸ್ಕಾರ. ಸಣ್ಣ ವಿಮಾನ ತಾವೇ ಕಟ್ಟುವವರು, ಹಳೇ ವಿಮಾನ ತಂದು ಹೊಸದಾಗಿ ಬಟ್ಟೆ ಹೊದಿಸುವವರು ಈಚೆಗೆ ಒಂದು ಮಾತು ಪದೇ ಪದೇ ಹೇಳ್ತಾರೆ. "ಈಗಿನ ಅಂಟು ಎಷ್ಟು ಗಟ್ಟಿ ಗೊತ್ತಾ? ಬಟ್ಟೆ ಅಂಟಿಸಿ, ಇಸ್ತ್ರಿ ಹಾಕಿ, ಬಣ್ಣ ಹೊಡೆದರೆ ಮುಗೀತು. ರಿಬ್ ರಿಬ್‌ಗೂ ಕೂತು ಹೊಲಿಯೋದು ಯಾಕೆ?" ರಿಬ್ ಅಂದರೆ ರೆಕ್ಕೆಗೆ ಆಕಾರ ಕೊಡುವ ಅಡ್ಡ ಪಟ್ಟಿ. ನಾನು ಈ ಮಾತನ್ನು ಒಪ್ಪುವುದಿಲ್ಲ. ಯಾಕೆ ಅಂತ ಇವತ್ತು ಪೂರ್ತಿ ಹೇಳ್ತೀನಿ.

ಪೈಪರ್ ಕಬ್ ವಿಮಾನವನ್ನೇ ತೆಗೆದುಕೊಳ್ಳಿ. ಅಮೆರಿಕದ ಪೆನ್ಸಿಲ್ವೇನಿಯಾದ ಲಾಕ್ ಹೇವನ್ ಊರಿನಲ್ಲಿ ತಯಾರಾದ ಆ ಹಳದಿ ವಿಮಾನ, ಜೆ-3. ರೆಕ್ಕೆಯ ಉದ್ದಕ್ಕೆ ಎರಡು ಸ್ಪಾರ್, ಅಂದರೆ ಭಾರ ಹೊರುವ ತೊಲೆ, ಅವಕ್ಕೆ ಅಡ್ಡಲಾಗಿ ಸಾಲು ಸಾಲು ತೆಳು ರಿಬ್, ಅದರ ಮೇಲೆ ಬಟ್ಟೆ. ರೆಕ್ಕೆ ಅಂದರೆ ಇಷ್ಟೇ. ತುಂಬಿದ ವಿಮಾನದ ತೂಕ ಹೆಚ್ಚೆಂದರೆ 1,220 ಪೌಂಡ್, ರೆಕ್ಕೆಯ ಅಳತೆ ಸುಮಾರು 178 ಚದರ ಅಡಿ. ಅಂದರೆ ಒಂದು ಚದರ ಅಡಿ ಬಟ್ಟೆಯ ಪಾಲಿಗೆ 7 ಪೌಂಡ್ ಕೂಡ ಬರಲ್ಲ. ಬರೀ ಮೂರು ಕಿಲೋ, ಅಂಟು ತಡೆಯಲ್ವಾ ಅಂತ ಕೇಳ್ತಾರೆ. ಆದರೆ ಇದು ಸರಾಸರಿ ಲೆಕ್ಕ, ಅದೂ ನೆಟ್ಟಗೆ ಹಾರುವಾಗಿನ ಲೆಕ್ಕ. ಕಡಿದಾಗಿ ತಿರುಗಿಸಿದಾಗ, ಗಾಳಿಯ ಹೊಡೆತಕ್ಕೆ ಸಿಕ್ಕಾಗ ಅದು ಎರಡು ಪಟ್ಟು, ಮೂರು ಪಟ್ಟು ಆಗುತ್ತೆ, ಮತ್ತು ರೆಕ್ಕೆಯ ಮುಂಭಾಗದಲ್ಲಿ ಹಿಂಭಾಗಕ್ಕಿಂತ ಜಾಸ್ತಿ ಬೀಳುತ್ತೆ.

ಇನ್ನೂ ಮುಖ್ಯವಾದದ್ದು ಆ ಬಲ ಯಾವ ಕಡೆಗೆ ಅನ್ನೋದು. ವಿಮಾನವನ್ನು ಗಾಳಿ ಕೆಳಗಿನಿಂದ ತಳ್ಳಿ ಎತ್ತುತ್ತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಎತ್ತುವ ಬಲದ ದೊಡ್ಡ ಪಾಲು ಬರುವುದು ರೆಕ್ಕೆಯ ಮೇಲ್ಭಾಗದ ಒತ್ತಡ ಕಡಿಮೆಯಾಗುವುದರಿಂದ. ಅಂದರೆ ಮೇಲಿನ ಬಟ್ಟೆಯನ್ನು ರಿಬ್ ಮೇಲಿಂದ ಕಿತ್ತು ಮೇಲಕ್ಕೆ ಎಳೆಯುವ ಕೆಲಸ, ನೀವು ಹಾರುತ್ತಿರುವಷ್ಟು ಹೊತ್ತೂ, ಒಂದು ಕ್ಷಣ ಬಿಡದೆ ನಡೀತಾ ಇರುತ್ತೆ.

ಈಗ ಅಂಟಿನ ವಿಷಯ. ಒಂದು ಮರದ ಪಟ್ಟಿಗೆ ಪಾಲಿಯೆಸ್ಟರ್ ಬಟ್ಟೆಯ ತುಂಡು ಅಂಟಿಸಿ, ಒಣಗಲು ಬಿಡಿ. ಪಟ್ಟಿಯ ಉದ್ದಕ್ಕೇ ಹಿಡಿದು ಎಳೆಯಿರಿ. ಕೈ ಸೋತರೂ ಬರಲ್ಲ. ಈಗ ಅದರ ಒಂದು ಅಂಚನ್ನು ಉಗುರಿನಿಂದ ಎಬ್ಬಿಸಿ ಮೇಲಕ್ಕೆ ಎತ್ತಿ. ಎಷ್ಟು ಕಡಿಮೆ ಬಲಕ್ಕೆ ಬಿಟ್ಟುಕೊಳ್ಳುತ್ತೆ ನೋಡಿ. ರೆಕ್ಕೆಯ ಮುಂದಿನ ಅಂಚು, ಹಿಂದಿನ ಅಂಚುಗಳಲ್ಲಿ ಬಟ್ಟೆ ಸುತ್ತಿಕೊಂಡು ಒಂದರ ಮೇಲೊಂದು ಕೂರುತ್ತೆ, ಎಳೆತ ಬಟ್ಟೆಯ ಉದ್ದಕ್ಕೇ ಇರುತ್ತೆ. ಅಲ್ಲಿ ಅಂಟು ಧಾರಾಳವಾಗಿ ಸಾಕು. ರಿಬ್ ಮೇಲೆ ಹಾಗಲ್ಲ. ಅಂಟಿಗೆ ಸಿಗುವ ಜಾಗ ಬೆರಳಗಲ, ಎಳೆತ ನೇರ ಮೇಲಕ್ಕೆ. ಒಂದು ಕಡೆ ಬಿಟ್ಟರೆ ಪಕ್ಕದ ಜಾಗಕ್ಕೆ ಭಾರ ಬೀಳುತ್ತೆ, ಅದೂ ಬಿಡುತ್ತೆ. ಬಟ್ಟೆ ಉಬ್ಬಿತು ಅಂದರೆ ರೆಕ್ಕೆಯ ಆಕಾರ ಹೋಯಿತು.

ಹೊಲಿಗೆ ಇದನ್ನು ತಡೆಯುವ ರೀತಿಯೇ ಬೇರೆ. ಮೇಣ ಹಚ್ಚಿದ ಪಾಲಿಯೆಸ್ಟರ್ ದಾರ ರಿಬ್‌ನ ಒಂದು ಪಕ್ಕದಲ್ಲಿ ಇಳಿದು, ಕೆಳಗಿನ ಬಟ್ಟೆ ದಾಟಿ, ಇನ್ನೊಂದು ಪಕ್ಕದಿಂದ ವಾಪಸ್ ಮೇಲೆ ಬರುತ್ತೆ. ಇಡೀ ರಿಬ್ಬನ್ನೇ ದಾರ ಸುತ್ತಿಕೊಂಡಿರುತ್ತೆ. ಮೇಲಿನ ಬಟ್ಟೆಯ ಎಳೆತ ದಾರಕ್ಕೆ, ದಾರದಿಂದ ರಿಬ್‌ಗೆ. ಬಟ್ಟೆ ಹರಿಯದಿರಲಿ ಅಂತ ದಾರದ ಕೆಳಗೆ ಗಟ್ಟಿ ಟೇಪ್ ಒಂದು ಇರುತ್ತೆ.

ಈ ಕೆಲಸ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ರೆಕ್ಕೆಯನ್ನು ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಿರುತ್ತಾರೆ. ಈ ಕಡೆ ಒಬ್ಬರು, ಆ ಕಡೆ ಒಬ್ಬರು. ಒಂದು ಅಡಿ ಉದ್ದದ ಸೂಜಿಯನ್ನು ಇವರು ರಿಬ್‌ಗೆ ಒತ್ತಿದ ಹಾಗೆ ಚುಚ್ಚಿ ತಳ್ಳಿದರೆ ಅವರು ಆ ಕಡೆ ಎಳೆದುಕೊಂಡು, ರಿಬ್‌ನ ಇನ್ನೊಂದು ಪಕ್ಕದಿಂದ ವಾಪಸ್ ಕಳಿಸ್ತಾರೆ. ಒಬ್ಬರಿಗೊಬ್ಬರು ಕಾಣಲ್ಲ, ಮಧ್ಯೆ ಬಟ್ಟೆ, ಹಾಗಾಗಿ "ಸ್ವಲ್ಪ ಮೇಲೆ, ಇನ್ನೊಂಚೂರು ಎಡಕ್ಕೆ" ಅನ್ನುವ ಮಾತು ನಡೀತಾನೇ ಇರುತ್ತೆ. ಒಂದೊಂದು ಸುತ್ತಿಗೂ ಒಂದು ಗಂಟು. ಆ ಗಂಟನ್ನು ಬಿಗಿದು, ಬದಿಗೆ ಸರಿಸಿ ರಿಬ್ ಪಕ್ಕಕ್ಕೆ ಕೂರಿಸಬೇಕು. ಎಲ್ಲಾದರೂ ಒಂದು ಕಡೆ ದಾರ ತುಂಡಾದರೂ ಉಳಿದ ಹೊಲಿಗೆ ಬಿಚ್ಚಿಕೊಳ್ಳದೆ ನಿಲ್ಲುವುದು ಈ ಗಂಟುಗಳಿಂದಲೇ. ಪ್ರೊಪೆಲ್ಲರ್ ಗಾಳಿ ನೇರವಾಗಿ ಬಡಿಯುವ ಕಡೆ ಹೊಲಿಗೆಗಳು ಇನ್ನೂ ಹತ್ತಿರ ಹತ್ತಿರ.

ಇದೇನು ಹೊಸ ತಿಳುವಳಿಕೆ ಅಲ್ಲ. 1903ರಲ್ಲಿ ರೈಟ್ ಸಹೋದರರು ತಮ್ಮ ವಿಮಾನಕ್ಕೆ ಅಂಗಡಿಯಲ್ಲಿ ಸಿಗುವ ಮಸ್ಲಿನ್ ಬಟ್ಟೆ ಹೊದಿಸಿದರು. ಎಳೆಗಳು 45 ಡಿಗ್ರಿ ಓರೆ ಬರುವ ಹಾಗೆ ಕತ್ತರಿಸಿದರು, ಬಟ್ಟೆಯೇ ಚೌಕಟ್ಟನ್ನು ಬಿಗಿ ಹಿಡಿಯಲಿ ಅಂತ. ರಿಬ್‌ಗಳು ಕೂರಲು ಬಟ್ಟೆಯಲ್ಲೇ ಜೇಬು ಹೊಲಿದರು.

ಇಸ್ತ್ರಿ ವಿಷಯದಲ್ಲೂ ಇದೇ ಅವಸರ ನೋಡ್ತೀನಿ. ಹಿಂದೆ ಹತ್ತಿ ಬಟ್ಟೆಗೆ ಡೋಪ್ ಅನ್ನುವ ಮೆರುಗೆಣ್ಣೆಯಂಥ ದ್ರವ ಬಳಿದರೆ ಅದು ಒಣಗುತ್ತಾ ಬಿಗಿಯಾಗುತ್ತಿತ್ತು. ಪಾಲಿಯೆಸ್ಟರ್ ಬಿಗಿಯಾಗುವುದು ಬಿಸಿಗೆ, ಬೆಂಕಿಗೆ ಹಿಡಿದ ತಮಟೆಯ ಹಾಗೆ. ಮೊದಲು 250 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಸುಕ್ಕು ತೆಗೆದು, ಕೊನೆಗೆ 350ರಲ್ಲಿ ಪೂರ್ತಿ ಬಿಗಿ ಮಾಡ್ತಾರೆ. ಅದರ ಮೇಲೆ ಹೋದರೆ ಬಟ್ಟೆ ಸಡಿಲವಾಗುತ್ತೆ, ಮತ್ತೆ ಬಿಗಿಯಾಗಲ್ಲ. ಇಸ್ತ್ರಿ ಪೆಟ್ಟಿಗೆಯ ತಿರುಗಣೆ ಮೇಲೆ ಬರೆದದ್ದನ್ನು ನಂಬಬೇಡಿ, ದಯವಿಟ್ಟು. ಥರ್ಮಾಮೀಟರ್ ಇಟ್ಟು ಅಳೆದು, ಪೆಟ್ಟಿಗೆ ಮೇಲೆ ನೀವೇ ಗುರುತು ಹಾಕಿಕೊಳ್ಳಿ. ಇದಕ್ಕೆ ಅರ್ಧ ಗಂಟೆ ಸಾಕು.

ಬಣ್ಣದ ಬಗ್ಗೆ ಒಂದೇ ಮಾತು. ಬಟ್ಟೆಯ ನಿಜವಾದ ಶತ್ರು ಬಿಸಿಲು, ಅದನ್ನು ತಡೆಯುವುದು ಬಣ್ಣದ ಕೆಳಗಿನ ಅಲ್ಯೂಮಿನಿಯಂ ಪುಡಿಯ ಬೆಳ್ಳಿ ಪದರ. ಕತ್ತಲಲ್ಲಿ ರೆಕ್ಕೆಯೊಳಗೆ ಬಲ್ಬ್ ಹಿಡಿದಾಗ ಬೆಳಕು ಹೊರಗೆ ಕಂಡರೆ ಇನ್ನೊಂದು ಕೋಟ್ ಬೇಕು.

ಎಲ್ಲಾ ವಿಮಾನಕ್ಕೂ ಹೊಲಿಗೆಯೇ ಆಗಬೇಕು ಅಂತ ನಾನು ಹೇಳ್ತಿಲ್ಲ. ಸ್ಕ್ರೂ ಹಾಕುವ ವಿಮಾನ ಇವೆ, ರಿವೆಟ್ ಹೊಡೆಯುವವು ಇವೆ, ಕ್ಲಿಪ್ ಸಿಕ್ಕಿಸುವವೂ ಇವೆ. ಬರೀ ಅಂಟು ಸಾಕು ಅಂತ ತಯಾರಕರೇ ಪರೀಕ್ಷೆ ಮಾಡಿ ಬರೆದುಕೊಟ್ಟಿದ್ದರೆ ಹಾಗೇ ಮಾಡಿ. ನನ್ನ ತಕರಾರು ಇರುವುದು ಹೊಲಿಗೆ ಇದ್ದ ರೆಕ್ಕೆಯಿಂದ ಅದನ್ನು ತೆಗೆಯುವವರ ಬಗ್ಗೆ, ಹೊಲಿಗೆಗಳ ಅಂತರವನ್ನು ಸುಮ್ನೆ ಒಂದಿಂಚು ಹೆಚ್ಚಿಸುವವರ ಬಗ್ಗೆ. ಒಂದು ಕಂಪನಿಯ ಬಟ್ಟೆ, ಇನ್ನೊಂದರ ಅಂಟು, ಮತ್ತೊಂದರ ಬಣ್ಣ ಅಂತ ಬೆರೆಸುವವರಿಗೂ ಇದೇ ಮಾತು. ಆ ಜೋಡಿಯನ್ನು ಯಾರೂ ಪರೀಕ್ಷೆ ಮಾಡಿರಲ್ಲ.

ನಮ್ಮ ಬೆಂಗಳೂರಿಗೂ ಈ ಕೆಲಸ ಹೊಸದಲ್ಲ. ಎಚ್‌ಎಎಲ್‌ನ ಪುಷ್ಪಕ್, 1958ರಲ್ಲಿ ಮೊದಲು ಹಾರಿದ ಎರಡು ಸೀಟಿನ ವಿಮಾನ, ಬಟ್ಟೆ ಹೊದಿಸಿದ್ದೇ. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಪೈಲಟ್‌ಗಳು ಅದರಲ್ಲೇ ಹಾರಲು ಕಲಿತರು. ಬಟ್ಟೆ ಅಂದಮೇಲೆ ಅದನ್ನು ಹೊದಿಸಿದ ಕೈಗಳೂ ಇರಬೇಕಲ್ವಾ? ಅವರ ಕೆಲಸದ ಬಗ್ಗೆ ಕನ್ನಡದಲ್ಲಿ ಓದಲು ನನಗೆ ಏನೂ ಸಿಕ್ಕಿಲ್ಲ, ಇದು ನನಗೆ ನಿಜವಾಗಿ ಬೇಜಾರಿನ ಸಂಗತಿ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಅಂಥ ಹಿರಿಯರು ಇದ್ದರೆ ಅವರ ಮುಂದೆ ಮೊಬೈಲ್ ಇಟ್ಟು ಕೂತು ಕೇಳಿ. ಯಾವ ದಾರ ಬಳಸುತ್ತಿದ್ರಿ, ಮೇಣ ಹೇಗೆ ಹಚ್ಚುತ್ತಿದ್ರಿ, ಆ ಗಂಟು ಹೇಗೆ ಹಾಕುತ್ತಿದ್ರಿ, ಒಂದು ಸಲ ಕೈಯಲ್ಲಿ ಹಾಕಿ ತೋರಿಸಿ ಅಂತ. ರೆಕಾರ್ಡ್ ಮಾಡಿ ನನಗೆ ಕಳಿಸಿ. ಇದೇ ಚಾನೆಲ್‌ನಲ್ಲಿ ಒಂದು ನಿಮಿಷವೂ ಕತ್ತರಿಸದೆ ಹಾಕ್ತೀನಿ.